ಬರ್ಲಿನ್‌ ನಗರಕ್ಕೆ ವ್ಯಾಸಂಗಕ್ಕಾಗಿ ತೆರಳುವ ವಿದ್ಯಾರ್ಥಿಗಳಿಗೆ ಮಾಹಿತಿ: ವಿಳಾಸ ನೋಂದಣಿ ಹಾಗೂ ಮೊದಲ ತಿಂಗಳುಗಳಲ್ಲಿ ಕೈಗೊಳ್ಳಬೇಕಾದ ಕ್ರಮಗಳು

1. ಪೀಠಿಕೆ

ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳುವ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆಯು ಇತ್ತೀಚಿನ ವರ್ಷಗಳಲ್ಲಿ ಗಣನೀಯವಾಗಿ ಹೆಚ್ಚಿದೆ. 2023-24ನೇ ಸಾಲಿನ ಚಳಿಗಾಲದ ಸೆಮಿಸ್ಟರ್‌ನಲ್ಲಿ ಆ ದೇಶದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳ ಪೈಕಿ ಭಾರತೀಯರೇ ಪ್ರಥಮ ಸ್ಥಾನದಲ್ಲಿದ್ದು, ಅವರ ಸಂಖ್ಯೆ 49 ಸಾವಿರವನ್ನು ದಾಟಿತ್ತು. ಇವರಲ್ಲಿ ಕರ್ನಾಟಕದ ವಿದ್ಯಾರ್ಥಿಗಳೂ ಸೇರಿದ್ದಾರೆ. ರಾಜಧಾನಿಯಾದ ಬರ್ಲಿನ್‌, ಮೂರು ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯಗಳನ್ನೂ ಅನೇಕ ಅನ್ವಯಿಕ ವಿಜ್ಞಾನ ಹಾಗೂ ಖಾಸಗಿ ಸಂಸ್ಥೆಗಳನ್ನೂ ಹೊಂದಿರುವ ಮಹಾನಗರವಾಗಿದೆ.

ಪ್ರವೇಶ ಪತ್ರ ಮತ್ತು ವೀಸಾ ದೊರೆತ ಕೂಡಲೇ ಎಲ್ಲ ಕೆಲಸವೂ ಮುಗಿಯಿತೆಂದು ವಿದ್ಯಾರ್ಥಿಗಳು ಹಾಗೂ ಪೋಷಕರು ಭಾವಿಸುವುದುಂಟು. ವಾಸ್ತವವಾಗಿ, ಬರ್ಲಿನ್‌ ತಲುಪಿದ ನಂತರ ವಿದ್ಯಾರ್ಥಿಯ ಬಹುತೇಕ ವ್ಯವಹಾರಗಳು ಒಂದೇ ಒಂದು ದಾಖಲೆಯನ್ನು ಅವಲಂಬಿಸಿರುತ್ತವೆ. ಅದು ವಾಸದ ವಿಳಾಸವನ್ನು ನಗರದ ಕಚೇರಿಯಲ್ಲಿ ನೋಂದಾಯಿಸಿದ ಪತ್ರ. ತೆರಿಗೆ ಸಂಖ್ಯೆ, ಹಲವು ಬ್ಯಾಂಕುಗಳ ಖಾತೆ, ನಿವಾಸ ಪರವಾನಗಿ ಇವೆಲ್ಲವೂ ಈ ಪತ್ರದ ಹಿಂದೆ ಬರುತ್ತವೆ. ಆದುದರಿಂದ ವಾಸಕ್ಕೆ ಕೊಠಡಿಯನ್ನು ಆರಿಸುವಾಗ ಬಾಡಿಗೆಯ ಮೊತ್ತಕ್ಕಿಂತ ಮೊದಲು, ಆ ವಿಳಾಸದಲ್ಲಿ ನೋಂದಣಿಗೆ ಅವಕಾಶವಿದೆಯೇ ಎಂಬುದನ್ನು ತಿಳಿದುಕೊಳ್ಳುವುದು ಅತ್ಯಗತ್ಯ. ಈ ವಿಷಯವನ್ನು ಕೇಂದ್ರವಾಗಿಟ್ಟುಕೊಂಡು ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಹೊರಡುವ ಮುನ್ನ ರಾಜ್ಯದಲ್ಲಿಯೇ ಪೂರೈಸಬೇಕಾದ ಕೆಲಸಗಳು

ಅ) ಹೆಸರಿನ ಏಕರೂಪತೆ: ರಾಜ್ಯದ ಅನೇಕ ವಿದ್ಯಾರ್ಥಿಗಳ ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರು ಅಥವಾ ಊರಿನ ಹೆಸರು ಕೇವಲ ಇನಿಷಿಯಲ್‌ ರೂಪದಲ್ಲಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದೇ ಹೆಸರು ವಿಸ್ತೃತವಾಗಿರಬಹುದು, ಇಲ್ಲವೇ ಕುಟುಂಬದ ಹೆಸರಿನ ಕಾಲಂ ಖಾಲಿಯಾಗಿರಬಹುದು. ಜರ್ಮನಿಯ ಪ್ರತಿಯೊಂದು ನಮೂನೆಯಲ್ಲಿಯೂ ಕುಟುಂಬದ ಹೆಸರು ಮತ್ತು ಸ್ವಂತ ಹೆಸರನ್ನು ಪ್ರತ್ಯೇಕವಾಗಿ ಕೇಳಲಾಗುತ್ತದೆ. ಒಂದು ಕಚೇರಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಬೇರೊಂದು ರೀತಿ ನಮೂದಾದಲ್ಲಿ ವಿಮೆ, ಬ್ಯಾಂಕ್‌ ಹಾಗೂ ವಿಶ್ವವಿದ್ಯಾಲಯದ ದಾಖಲೆಗಳು ಪರಸ್ಪರ ತಾಳೆಯಾಗದೆ ವಿಳಂಬವಾಗುತ್ತದೆ. ಪಾಸ್‌ಪೋರ್ಟ್‌ನಲ್ಲಿ ತಿದ್ದುಪಡಿ ಅವಶ್ಯವಿದ್ದಲ್ಲಿ ವೀಸಾಕ್ಕೆ ಅರ್ಜಿ ಸಲ್ಲಿಸುವ ಮೊದಲೇ ಮರುವಿತರಣೆ ಪಡೆದುಕೊಳ್ಳತಕ್ಕದ್ದು. ಅನಂತರ ಎಲ್ಲ ನಮೂನೆಗಳಲ್ಲಿಯೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರನ್ನು ಬರೆಯತಕ್ಕದ್ದು.

ಆ) ಶೈಕ್ಷಣಿಕ ದಾಖಲೆಗಳ ಪರಿಶೀಲನೆ: ಭಾರತದ ವಿದ್ಯಾರ್ಥಿಗಳು ವೀಸಾ ಅರ್ಜಿಯೊಂದಿಗೆ ಎ.ಪಿ.ಎಸ್‌. ಪ್ರಮಾಣಪತ್ರವನ್ನು ಸಲ್ಲಿಸುವುದನ್ನು 2022ರ ನವೆಂಬರ್‌ 1ರಿಂದ ಕಡ್ಡಾಯಗೊಳಿಸಲಾಗಿದೆ. ಎಸ್‌.ಎಸ್‌.ಎಲ್‌.ಸಿ., ಪಿ.ಯು.ಸಿ. ಹಾಗೂ ಪದವಿಯ ಅಂಕಪಟ್ಟಿಗಳ ನೈಜತೆಯನ್ನು ಇದರ ಮೂಲಕ ಪರಿಶೀಲಿಸಲಾಗುತ್ತದೆ. ಕೆಲವು ವಿನಾಯಿತಿಗಳಿದ್ದು, ಅವುಗಳನ್ನು ಸಂಬಂಧಿಸಿದ ಕಚೇರಿಯಿಂದಲೇ ತಿಳಿದುಕೊಳ್ಳತಕ್ಕದ್ದು.

ಇ) ಅಪೋಸ್ಟಿಲ್‌ ಮುದ್ರೆ: ಹೇಗ್‌ ಅಪೋಸ್ಟಿಲ್‌ ಒಪ್ಪಂದವು ಭಾರತಕ್ಕೆ ಸಂಬಂಧಿಸಿದಂತೆ 2005ರಲ್ಲಿ ಜಾರಿಗೆ ಬಂದಿತು. ಆದರೆ ಭಾರತದ ಸೇರ್ಪಡೆಗೆ ಜರ್ಮನಿಯು ಆಕ್ಷೇಪಣೆ ಸಲ್ಲಿಸಿರುವ ಕಾರಣ, ಇತರ ದೇಶಗಳಿಗೆ ಉಪಯೋಗವಾಗುವ ಈ ಮುದ್ರೆಯಿಂದ ಜರ್ಮನಿಯಲ್ಲಿ ಅದೇ ಫಲ ದೊರೆಯುವುದಿಲ್ಲ. ಮಧ್ಯವರ್ತಿಗಳು ಸೂಚಿಸಿದರೆಂಬ ಕಾರಣಕ್ಕೆ ಎಲ್ಲ ಪ್ರಮಾಣಪತ್ರಗಳಿಗೂ ಹಣ ವೆಚ್ಚ ಮಾಡಿ ಮುದ್ರೆ ಪಡೆಯುವ ಮೊದಲು, ವಿಶ್ವವಿದ್ಯಾಲಯ ಅಥವಾ ಕಾನ್ಸುಲೇಟ್‌ ಅದನ್ನು ಲಿಖಿತವಾಗಿ ಕೇಳಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಪೊಲೀಸ್‌ ತಪಾಸಣಾ ಪ್ರಮಾಣಪತ್ರದ ವಿಷಯದಲ್ಲಿಯೂ ಇದೇ ಕ್ರಮವನ್ನು ಅನುಸರಿಸುವುದು.

ಈ) ಕಾನ್ಸುಲೇಟ್‌ ವ್ಯಾಪ್ತಿ: ಕರ್ನಾಟಕ ಮತ್ತು ಕೇರಳ ರಾಜ್ಯಗಳು ಬೆಂಗಳೂರಿನ ಜರ್ಮನ್‌ ಕಾನ್ಸುಲೇಟ್‌ ಜನರಲ್‌ ವ್ಯಾಪ್ತಿಗೆ ಸೇರಿವೆ.

ಉ) ವಾಹನ ಚಾಲನೆ: ಭಾರತದ ಚಾಲನಾ ಪರವಾನಗಿಯು ಜರ್ಮನಿಯಲ್ಲಿ ವಾಸ ಆರಂಭಿಸಿದ ದಿನದಿಂದ ಆರು ತಿಂಗಳವರೆಗೆ ಮಾತ್ರ ಮಾನ್ಯವಾಗಿರುತ್ತದೆ. ವಾಹನ ಚಾಲನೆ ಮಾಡುವ ಉದ್ದೇಶವುಳ್ಳವರು ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಅನುಮತಿಯನ್ನು ಪಡೆದು ತೆರಳುವುದು.

3. ವಿಳಾಸ ನೋಂದಣಿ

ಜರ್ಮನಿಯಲ್ಲಿ ವಾಸಿಸುವ ಪ್ರತಿಯೊಬ್ಬರೂ, ಅವರು ಆ ದೇಶದ ಪ್ರಜೆಗಳಿರಲಿ ವಿದೇಶಿಯರಿರಲಿ, ಮನೆಗೆ ಪ್ರವೇಶಿಸಿದ ಎರಡು ವಾರಗಳೊಳಗೆ ತಮ್ಮ ವಿಳಾಸವನ್ನು ನೋಂದಾಯಿಸತಕ್ಕದ್ದು. ಇದನ್ನು ಆನ್‌ಮೆಲ್ಡುಂಗ್‌ ಎಂದು ಕರೆಯುತ್ತಾರೆ. 2015ರ ನವೆಂಬರ್‌ 1ರಂದು ಜಾರಿಗೆ ಬಂದ ಕೇಂದ್ರ ನೋಂದಣಿ ಕಾಯ್ದೆಯು ಇದನ್ನು ವಿಧಿಸುತ್ತದೆ. ತಪ್ಪಿದಲ್ಲಿ 1,000 ಯೂರೊವರೆಗೆ ದಂಡ ವಿಧಿಸಲು ಅವಕಾಶವಿದೆ.

ಬರ್ಲಿನ್‌ ನಗರವು 12 ಜಿಲ್ಲೆಗಳಾಗಿ ವಿಂಗಡಣೆಗೊಂಡಿದ್ದು, ಪ್ರತಿ ಜಿಲ್ಲೆಯಲ್ಲಿಯೂ ಬ್ಯುರ್ಗರ್‌ಆಮ್ಟ್‌ ಎಂಬ ನಾಗರಿಕ ಸೇವಾ ಕಚೇರಿಗಳಿವೆ. ವಿದ್ಯಾರ್ಥಿಯು ತಾನು ವಾಸಿಸುವ ಜಿಲ್ಲೆಯ ಕಚೇರಿಗೇ ಹೋಗಬೇಕೆಂಬ ನಿಯಮವಿಲ್ಲ. ನಗರದ ಯಾವುದೇ ಬ್ಯುರ್ಗರ್‌ಆಮ್ಟ್‌ನಲ್ಲಿ ನೋಂದಣಿ ಮಾಡಿಸಬಹುದು. ಭೇಟಿಯ ಸಮಯವನ್ನು ನಗರಾಡಳಿತದ ಅಂತರ್ಜಾಲ ತಾಣದಲ್ಲಿ ಅಥವಾ 115 ದೂರವಾಣಿ ಸಂಖ್ಯೆಯ ಮೂಲಕ ಮುಂಗಡವಾಗಿ ಕಾಯ್ದಿರಿಸಿಕೊಳ್ಳಬೇಕು. ವಿದೇಶದಿಂದ ಹೊಸದಾಗಿ ಬಂದವರು ಖುದ್ದಾಗಿ ಹಾಜರಾಗಬೇಕು. ನೋಂದಣಿಗೆ ಶುಲ್ಕವಿಲ್ಲ.

ಹಾಜರುಪಡಿಸಬೇಕಾದ ದಾಖಲೆಗಳು:

- ವೀಸಾ ಸಹಿತ ಮೂಲ ಪಾಸ್‌ಪೋರ್ಟ್‌.
- ಭರ್ತಿ ಮಾಡಿ ಸಹಿ ಹಾಕಿದ ನೋಂದಣಿ ನಮೂನೆ.
- ಮನೆಯನ್ನು ವಾಸಕ್ಕೆ ನೀಡಿದವರು ಸಹಿ ಮಾಡಿದ ವಾಸದ ದೃಢೀಕರಣ ಪತ್ರ. ಜರ್ಮನ್‌ ಭಾಷೆಯಲ್ಲಿ ಇದಕ್ಕೆ ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್‌ ಎಂದು ಹೆಸರು.

ಮೂರನೆಯ ದಾಖಲೆಯ ಬಗ್ಗೆ ವಿಶೇಷ ಗಮನ ನೀಡತಕ್ಕದ್ದು. ಬಾಡಿಗೆ ಕರಾರು ಪತ್ರವು ಇದಕ್ಕೆ ಬದಲಿಯಾಗುವುದಿಲ್ಲ. ಈ ಪತ್ರವನ್ನು ನೀಡುವುದು ಮನೆ ನೀಡಿದವರ ಕಾನೂನುಬದ್ಧ ಕರ್ತವ್ಯವಾಗಿದೆ. ಮನೆಯ ಮಾಲೀಕರಲ್ಲದೆ, ಒಳಬಾಡಿಗೆಗೆ ಕೊಠಡಿ ನೀಡಿದ ಮೂಲ ಬಾಡಿಗೆದಾರರೂ ಇದಕ್ಕೆ ಸಹಿ ಮಾಡಬಹುದು.

ನೋಂದಣಿ ಪೂರ್ಣಗೊಂಡ ಕೂಡಲೇ ಕಚೇರಿಯು ನೋಂದಣಿ ಪತ್ರವನ್ನು ನೀಡುತ್ತದೆ. ಇದನ್ನು ಜೋಪಾನವಾಗಿಟ್ಟುಕೊಂಡು ಪ್ರತಿಗಳನ್ನು ತೆಗೆದಿಟ್ಟುಕೊಳ್ಳತಕ್ಕದ್ದು. ಇದಾದ ಕೆಲವು ವಾರಗಳಲ್ಲಿ 11 ಅಂಕಿಗಳ ತೆರಿಗೆ ಗುರುತಿನ ಸಂಖ್ಯೆಯು ಅಂಚೆಯ ಮೂಲಕ ಅದೇ ವಿಳಾಸಕ್ಕೆ ಬರುತ್ತದೆ.

ಅಂಚೆಪೆಟ್ಟಿಗೆಯ ಮೇಲೆ ಹೆಸರು: ನಮ್ಮಲ್ಲಿ ಮನೆ ಸಂಖ್ಯೆ, ಅಡ್ಡರಸ್ತೆ, ಮುಖ್ಯರಸ್ತೆ ಇವುಗಳ ಆಧಾರದ ಮೇಲೆ ಅಂಚೆ ಬಟವಾಡೆಯಾಗುತ್ತದೆ. ಬರ್ಲಿನ್‌ನ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಪ್ರತಿ ಮನೆಗೆ ಸಂಖ್ಯೆ ಇರುವುದಿಲ್ಲ. ಕಟ್ಟಡದ ಸಂಖ್ಯೆ ಮಾತ್ರ ಇದ್ದು, ಅಂಚೆಯವರು ಪೆಟ್ಟಿಗೆಯ ಮೇಲಿರುವ ಹೆಸರನ್ನು ನೋಡಿ ಪತ್ರ ಹಾಕುತ್ತಾರೆ. ಹೆಸರು ಇಲ್ಲದಿದ್ದಲ್ಲಿ ಪತ್ರವು ಹಿಂದಿರುಗುತ್ತದೆ. ತೆರಿಗೆ ಸಂಖ್ಯೆ, ಬ್ಯಾಂಕ್‌ ಕಾರ್ಡ್‌, ವಿಮಾ ಕಾರ್ಡ್‌ ಹಾಗೂ ನಿವಾಸ ಪರವಾನಗಿ ಕಚೇರಿಯ ಸೂಚನೆಗಳು ಹೀಗೆ ಕೈತಪ್ಪುವ ಸಂಭವವಿರುತ್ತದೆ. ಆದುದರಿಂದ ಮನೆಗೆ ಪ್ರವೇಶಿಸಿದ ದಿನವೇ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನು ಅಂಚೆಪೆಟ್ಟಿಗೆ ಹಾಗೂ ಕರೆಗಂಟೆಯ ಫಲಕದ ಮೇಲೆ ಹಾಕಿಸತಕ್ಕದ್ದು. ಹಳೆಯ ಕಟ್ಟಡಗಳಲ್ಲಿ ಮುಂಭಾಗದ ಮನೆ, ಹಿಂಭಾಗದ ಮನೆ, ಪಾರ್ಶ್ವದ ಮನೆ ಎಂಬ ವಿಭಾಗಗಳಿದ್ದು, ಅದನ್ನೂ ವಿಳಾಸದಲ್ಲಿ ನಮೂದಿಸುವುದು ಉಪಯುಕ್ತ.

ಧರ್ಮದ ಕಾಲಂ: ನೋಂದಣಿ ನಮೂನೆಯಲ್ಲಿ ಧಾರ್ಮಿಕ ಸದಸ್ಯತ್ವದ ಬಗ್ಗೆ ಕೇಳಲಾಗುತ್ತದೆ. ಕ್ಯಾಥೋಲಿಕ್‌ ಅಥವಾ ಪ್ರೊಟೆಸ್ಟೆಂಟ್‌ ಸಭೆಯ ಸದಸ್ಯರೆಂದು ದಾಖಲಾದವರು ಆದಾಯ ತೆರಿಗೆ ಪಾವತಿಸುವ ಹಂತಕ್ಕೆ ಬಂದಾಗ, ಬರ್ಲಿನ್‌ನಲ್ಲಿ ಆ ತೆರಿಗೆಯ ಶೇ. 9ರಷ್ಟನ್ನು ಚರ್ಚ್‌ ತೆರಿಗೆಯಾಗಿ ಪಾವತಿಸಬೇಕಾಗುತ್ತದೆ. ಮಂಗಳೂರು ಮೊದಲಾದ ಭಾಗಗಳ ಕ್ರೈಸ್ತ ವಿದ್ಯಾರ್ಥಿಗಳು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ನಮೂನೆಯಲ್ಲಿ ಸತ್ಯವಾದ ಮಾಹಿತಿಯನ್ನೇ ನೀಡತಕ್ಕದ್ದು.

4. ವಸತಿಯನ್ನು ಹುಡುಕುವಾಗ ವಹಿಸಬೇಕಾದ ಎಚ್ಚರಿಕೆ

ಬರ್ಲಿನ್‌ನಲ್ಲಿ ವಸತಿ ದೊರೆಯುವುದು ಕಷ್ಟಸಾಧ್ಯ. ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಷ್ಟುಡೀರೆಂಡನ್‌ವೆರ್ಕ್‌ ಬರ್ಲಿನ್‌ ನಡೆಸುವ ವಸತಿ ನಿಲಯಗಳಲ್ಲಿ ಬಾಡಿಗೆ ಕಡಿಮೆಯಿದ್ದು, ನೋಂದಣಿಗೂ ತೊಂದರೆಯಿಲ್ಲ. ಆದರೆ ವಿದ್ಯಾರ್ಥಿಗಳ ಸಂಖ್ಯೆಗೆ ಹೋಲಿಸಿದಲ್ಲಿ ಅಲ್ಲಿನ ಸ್ಥಾನಗಳು ಬಹಳ ಕಡಿಮೆ ಇದ್ದು, ಹಲವು ತಿಂಗಳು ಕಾಯಬೇಕಾಗುತ್ತದೆ. ಪ್ರವೇಶ ಪತ್ರ ಬಂದ ದಿನವೇ ಅರ್ಜಿ ಸಲ್ಲಿಸುವುದು ಸೂಕ್ತ. ಖಾಸಗಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಾವು ಈ ಸೌಲಭ್ಯಕ್ಕೆ ಅರ್ಹರೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳುವುದು.

ಉಳಿದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಂಚಿಕೆಯ ಮನೆಯಲ್ಲಿ ಒಂದು ಕೊಠಡಿಯನ್ನು ಬಾಡಿಗೆಗೆ ಪಡೆಯುತ್ತಾರೆ. ಇಂತಹ ಮನೆಗೆ ವೇಗೇ ಎಂಬ ಸಂಕ್ಷಿಪ್ತ ಹೆಸರಿದೆ. ಕೊಠಡಿಯನ್ನು ಒಪ್ಪುವ ಮೊದಲು ಕೆಳಕಂಡ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯತಕ್ಕದ್ದು:

- ಈ ವಿಳಾಸದಲ್ಲಿ ನೋಂದಣಿ ಮಾಡಿಸಬಹುದೇ? ವಾಸದ ದೃಢೀಕರಣ ಪತ್ರವನ್ನು ಯಾರು, ಯಾವ ದಿನ ನೀಡುತ್ತಾರೆ?
- ನೀಡುತ್ತಿರುವವರು ಮಾಲೀಕರೇ ಅಥವಾ ಮೂಲ ಬಾಡಿಗೆದಾರರೇ? ಮೂಲ ಬಾಡಿಗೆದಾರರಾದಲ್ಲಿ ಒಳಬಾಡಿಗೆಗೆ ಮಾಲೀಕರ ಒಪ್ಪಿಗೆ ಇದೆಯೇ?
- ಹೇಳಿರುವ ಬಾಡಿಗೆಯು ಕಾಲ್ಟ್‌ಮೀಟೆ, ಅಂದರೆ ಕೊಠಡಿಯ ಬಾಡಿಗೆ ಮಾತ್ರವೇ? ಅಥವಾ ಬಿಸಿಯೂಡಿಕೆ ಹಾಗೂ ನಿರ್ವಹಣಾ ವೆಚ್ಚ ಸೇರಿದ ವಾರ್ಮ್‌ಮೀಟೆಯೇ? ವಿದ್ಯುತ್‌ ಮತ್ತು ಇಂಟರ್‌ನೆಟ್‌ ಇದರಲ್ಲಿ ಸೇರಿದೆಯೇ?
- ಠೇವಣಿ ಎಷ್ಟು? ಮನೆ ಬಿಡಲು ಎಷ್ಟು ತಿಂಗಳ ಮುಂಚೆ ನೋಟಿಸು ನೀಡಬೇಕು?

ಜರ್ಮನಿಯ ಸಿವಿಲ್‌ ಸಂಹಿತೆಯ ಪ್ರಕಾರ ವಾಸದ ಮನೆಯ ಠೇವಣಿಯು ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ. ಬಾಡಿಗೆದಾರರು ಅದನ್ನು ಮೂರು ಸಮಾನ ಮಾಸಿಕ ಕಂತುಗಳಲ್ಲಿ ಪಾವತಿಸಲು ಹಕ್ಕುಳ್ಳವರಾಗಿರುತ್ತಾರೆ. ಮೊದಲ ಕಂತು ಬಾಡಿಗೆ ಆರಂಭವಾದಾಗ ಸಲ್ಲತಕ್ಕದ್ದು. ವಿದ್ಯಾರ್ಥಿ ನಿಲಯಗಳಿಗೆ ಬೇರೆ ನಿಯಮಗಳಿರಬಹುದು.

ವಂಚನೆಯ ಬಗ್ಗೆ ಎಚ್ಚರಿಕೆ: ಕಡಿಮೆ ಬಾಡಿಗೆಗೆ ಸುಸಜ್ಜಿತ ಮನೆ ಇದೆಯೆಂದು ಜಾಹೀರಾತು ನೀಡಿ, ತಾವು ಬೇರೆ ದೇಶದಲ್ಲಿರುವುದರಿಂದ ಮನೆ ತೋರಿಸಲು ಸಾಧ್ಯವಿಲ್ಲ, ಹಣ ಕಳುಹಿಸಿದರೆ ಕೀಲಿಕೈಯನ್ನು ಕೊರಿಯರ್‌ ಮೂಲಕ ಕಳುಹಿಸುತ್ತೇವೆ ಎಂದು ಹೇಳುವವರನ್ನು ನಂಬಬಾರದು. ಮನೆಯನ್ನು ಸ್ವತಃ ಅಥವಾ ನಂಬಿಕಸ್ಥರ ಮೂಲಕ ನೋಡದೆ, ಕರಾರು ಪತ್ರಕ್ಕೆ ಸಹಿ ಮಾಡದೆ ಯಾವುದೇ ಹಣವನ್ನು ಕಳುಹಿಸಬಾರದು. ಪಾಸ್‌ಪೋರ್ಟ್‌ ಪ್ರತಿಯನ್ನು ಅಪರಿಚಿತರಿಗೆ ನೀಡಬಾರದು.

ವಾಸಕ್ಕೆ ಬಾರದ ವಿಳಾಸವನ್ನು ನೋಂದಣಿಗೆ ಮಾತ್ರ ಹಣಕ್ಕೆ ನೀಡುವವರೂ ಇದ್ದಾರೆ. ವಾಸವಿಲ್ಲದ ವಿಳಾಸದಲ್ಲಿ ನೋಂದಣಿ ಮಾಡಿಸುವುದು ಕಾನೂನುಬಾಹಿರ. ಹೀಗೆ ಸುಳ್ಳು ವಿಳಾಸ ಒದಗಿಸುವವರಿಗೆ 50,000 ಯೂರೊವರೆಗೆ ದಂಡ ವಿಧಿಸಬಹುದಾಗಿದೆ. ವಿದ್ಯಾರ್ಥಿಯ ನಿವಾಸ ಪರವಾನಗಿಗೂ ಇದರಿಂದ ಧಕ್ಕೆಯುಂಟಾಗಬಹುದು.

ಮೊದಲ ಕೆಲವು ವಾರಗಳಿಗೆ ತಾತ್ಕಾಲಿಕ ವಸತಿಯನ್ನು ಪಡೆಯುವುದು ತಪ್ಪಲ್ಲ. ಆದರೆ ಹೋಟೆಲ್‌ ಹಾಗೂ ಪ್ರವಾಸಿ ಕೊಠಡಿಗಳಲ್ಲಿ ಸಾಮಾನ್ಯವಾಗಿ ನೋಂದಣಿಗೆ ಒಪ್ಪುವುದಿಲ್ಲ. ಅಲ್ಲಿ ಕಳೆಯುವ ಪ್ರತಿ ವಾರವೂ ಮುಂದಿನ ಎಲ್ಲ ಕೆಲಸಗಳನ್ನು ಒಂದು ವಾರ ಹಿಂದಕ್ಕೆ ತಳ್ಳುತ್ತದೆ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

5. ಹಣಕಾಸಿನ ಏರ್ಪಾಡು

ವೀಸಾ ಪಡೆಯಲು ವಿದ್ಯಾರ್ಥಿಯು ಒಂದು ವರ್ಷದ ಜೀವನ ನಿರ್ವಹಣೆಗೆ ಹಣವಿದೆಯೆಂದು ತೋರಿಸಬೇಕು. ಬಹುತೇಕರು ಇದಕ್ಕಾಗಿ ಬ್ಲಾಕ್ಡ್‌ ಅಕೌಂಟ್‌ ಎಂಬ ನಿರ್ಬಂಧಿತ ಖಾತೆಯನ್ನು ತೆರೆಯುತ್ತಾರೆ. 2024ರ ಸೆಪ್ಟೆಂಬರ್‌ 1ರಿಂದ ಇದರ ಮೊತ್ತವನ್ನು ವರ್ಷಕ್ಕೆ 11,904 ಯೂರೊ ಎಂದು ನಿಗದಿಪಡಿಸಲಾಗಿದ್ದು, ತಿಂಗಳಿಗೆ 992 ಯೂರೊ ಮಾತ್ರ ಬಿಡುಗಡೆಯಾಗುತ್ತದೆ. ಈ ಹಣವು ಜರ್ಮನಿಯಲ್ಲಿ ವಿದ್ಯಾರ್ಥಿಯ ಹೆಸರಿನಲ್ಲಿ ತೆರೆದ ಚಾಲ್ತಿ ಖಾತೆಗೆ ಜಮೆಯಾಗುತ್ತದೆ. ಕೆಲವು ಬ್ಯಾಂಕುಗಳು ಚಾಲ್ತಿ ಖಾತೆ ತೆರೆಯಲು ವಿಳಾಸ ನೋಂದಣಿ ಪತ್ರವನ್ನು ಕೇಳುತ್ತವೆ. ಅಂದರೆ ನೋಂದಣಿ ವಿಳಂಬವಾದಲ್ಲಿ ಸ್ವಂತ ಹಣವೂ ಕೈಗೆ ಸಿಗುವುದು ವಿಳಂಬವಾಗಬಹುದು.

ಮೊದಲ ತಿಂಗಳ ವೆಚ್ಚವು ಉಳಿದ ತಿಂಗಳುಗಳಿಗಿಂತ ಹೆಚ್ಚಿರುತ್ತದೆ. ಪೋಷಕರ ತಿಳಿವಳಿಕೆಗಾಗಿ ಒಂದು ಮಾದರಿ ಲೆಕ್ಕವನ್ನು ಕೆಳಗೆ ನೀಡಲಾಗಿದೆ. ಇಲ್ಲಿ ಕಾಲ್ಟ್‌ಮೀಟೆ 450 ಯೂರೊ ಹಾಗೂ ವಾರ್ಮ್‌ಮೀಟೆ 550 ಯೂರೊ ಇರುವ ಕೊಠಡಿಯೆಂದು ಭಾವಿಸಲಾಗಿದೆ.

- ಮೊದಲ ತಿಂಗಳ ಬಾಡಿಗೆ: 550 ಯೂರೊ
- ಠೇವಣಿಯ ಮೊದಲ ಕಂತು: 450 ಯೂರೊ
- ಆರೋಗ್ಯ ವಿಮೆ: 145 ಯೂರೊ
- ಆಹಾರ: 200 ಯೂರೊ
- ಹಾಸಿಗೆ ಬಟ್ಟೆ, ಪಾತ್ರೆ, ಚಳಿಗಾಲದ ಉಡುಪು: 100 ಯೂರೊ
- ಒಟ್ಟು: 1,445 ಯೂರೊ
- ನಿರ್ಬಂಧಿತ ಖಾತೆಯಿಂದ ದೊರೆಯುವುದು: 992 ಯೂರೊ
- ಕೊರತೆ: 453 ಯೂರೊ

ಠೇವಣಿಯ ಪೂರ್ಣ ಮೊತ್ತ 1,350 ಯೂರೊವನ್ನು ಒಂದೇ ಬಾರಿಗೆ ಪಾವತಿಸಿದಲ್ಲಿ ಕೊರತೆಯು 1,353 ಯೂರೊ ಆಗುತ್ತದೆ. ವಿಶ್ವವಿದ್ಯಾಲಯದ ಸೆಮಿಸ್ಟರ್‌ ವಂತಿಗೆಯನ್ನು ಇದರಲ್ಲಿ ಸೇರಿಸಿಲ್ಲ. ಆದುದರಿಂದ ನಿರ್ಬಂಧಿತ ಖಾತೆಯ ಹೊರತಾಗಿ, ಮೊದಲ ಎರಡು ತಿಂಗಳಿಗೆ ಸಾಕಾಗುವಷ್ಟು ಹಣವನ್ನು ಪ್ರತ್ಯೇಕವಾಗಿ ಇಟ್ಟುಕೊಂಡು ತೆರಳುವುದು ಕ್ಷೇಮ. ಸಾಲ ಪಡೆದು ಕಳುಹಿಸುವ ಪೋಷಕರು ಈ ಮೊತ್ತವನ್ನು ಸಾಲದ ಅಂದಾಜಿನಲ್ಲಿಯೇ ಸೇರಿಸಿಕೊಳ್ಳುವುದು.

6. ಆರೋಗ್ಯ ವಿಮೆ

ಜರ್ಮನಿಯಲ್ಲಿ ಆರೋಗ್ಯ ವಿಮೆ ಕಡ್ಡಾಯ. ವಿಮೆಯಿಲ್ಲದೆ ವಿಶ್ವವಿದ್ಯಾಲಯದ ದಾಖಲಾತಿ ಪೂರ್ಣವಾಗುವುದಿಲ್ಲ. 30 ವರ್ಷದೊಳಗಿನ ವಿದ್ಯಾರ್ಥಿಗಳು ಸಾರ್ವಜನಿಕ ವಿಮಾ ನಿಧಿಗಳ ವಿದ್ಯಾರ್ಥಿ ದರಕ್ಕೆ ಅರ್ಹರಾಗಿರುತ್ತಾರೆ. ಆರೈಕೆ ವಿಮೆ ಸೇರಿ ಇದು ತಿಂಗಳಿಗೆ ಸುಮಾರು 140ರಿಂದ 150 ಯೂರೊ ಆಗುತ್ತದೆ. ವಿಮಾ ನಿಧಿಯು ವಿಶ್ವವಿದ್ಯಾಲಯಕ್ಕೆ ನೇರವಾಗಿ ವಿದ್ಯುನ್ಮಾನ ಮಾರ್ಗದಲ್ಲಿ ಮಾಹಿತಿ ಕಳುಹಿಸುತ್ತದೆ.

ಕಡಿಮೆ ಕಂತಿನ ಖಾಸಗಿ ವಿಮೆಗಾಗಿ ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆದವರು, ಆ ವ್ಯಾಸಂಗದ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ವಿದ್ಯಾರ್ಥಿ ದರದ ಸಾರ್ವಜನಿಕ ವಿಮೆಗೆ ಮರಳುವಂತಿಲ್ಲ. ಪ್ರವಾಸಿ ವಿಮೆಯು ವಿದ್ಯಾರ್ಥಿ ವಿಮೆಗೆ ಸಮನಲ್ಲ. ತಿಂಗಳಿಗೆ ಕೆಲವು ಯೂರೊ ಉಳಿಸುವ ಸಲುವಾಗಿ ಈ ನಿರ್ಧಾರವನ್ನು ಅವಸರದಲ್ಲಿ ಕೈಗೊಳ್ಳಬಾರದು.

7. ವಿಶ್ವವಿದ್ಯಾಲಯದ ದಾಖಲಾತಿ ಮತ್ತು ಸಾರಿಗೆ

ಬರ್ಲಿನ್‌ನ ಹುಂಬೋಲ್ಟ್‌ ವಿಶ್ವವಿದ್ಯಾಲಯ, ಫ್ರೈ ವಿಶ್ವವಿದ್ಯಾಲಯ ಹಾಗೂ ತಾಂತ್ರಿಕ ವಿಶ್ವವಿದ್ಯಾಲಯಗಳಂತಹ ಸಾರ್ವಜನಿಕ ಸಂಸ್ಥೆಗಳ ಬಹುತೇಕ ಕೋರ್ಸುಗಳಲ್ಲಿ ಬೋಧನಾ ಶುಲ್ಕವಿರುವುದಿಲ್ಲ. ಸೆಮಿಸ್ಟರ್‌ ವಂತಿಗೆಯನ್ನು ಮಾತ್ರ ಪಾವತಿಸಬೇಕು. ಸಾಮಾನ್ಯವಾಗಿ ಸಾರಿಗೆ ಟಿಕೆಟ್‌ ಇದರಲ್ಲಿ ಸೇರಿರುತ್ತದೆ. ಪ್ರತಿ ಸೆಮಿಸ್ಟರ್‌ಗೂ ನಿಗದಿತ ದಿನಾಂಕದೊಳಗೆ ವಂತಿಗೆ ಪಾವತಿಸಿ ದಾಖಲಾತಿಯನ್ನು ಮುಂದುವರಿಸಿಕೊಳ್ಳತಕ್ಕದ್ದು. ತಪ್ಪಿದಲ್ಲಿ ದಾಖಲಾತಿ ರದ್ದಾಗಬಹುದು. ದಾಖಲಾತಿ ರದ್ದಾದಲ್ಲಿ ನಿವಾಸ ಪರವಾನಗಿಯ ಆಧಾರವೇ ಇಲ್ಲವಾಗುತ್ತದೆ.

ವಿದ್ಯಾರ್ಥಿ ನಿವಾಸ ಪರವಾನಗಿಯನ್ನು ಖುದ್ದು ಹಾಜರಾಗಿ ವ್ಯಾಸಂಗ ಮಾಡುವ ಪೂರ್ಣಾವಧಿ ಕೋರ್ಸಿಗೆ ನೀಡಲಾಗುತ್ತದೆ. ಬಹುಪಾಲು ತರಗತಿಗಳು ಅಂತರ್ಜಾಲದ ಮೂಲಕ ನಡೆಯುವ ಕೋರ್ಸುಗಳಿಗೆ ಪರವಾನಗಿ ನಿರಾಕರಣೆಯಾಗುವ ಸಾಧ್ಯತೆಯಿದೆ. ವಿಶೇಷವಾಗಿ ಶುಲ್ಕ ಪಾವತಿಸಿ ಸೇರುವ ಕೋರ್ಸುಗಳ ವಿಷಯದಲ್ಲಿ, ತರಗತಿಗಳು ಬರ್ಲಿನ್‌ನಲ್ಲಿ ಖುದ್ದಾಗಿ ನಡೆಯುತ್ತವೆಯೇ ಎಂಬ ಬಗ್ಗೆ ಸಂಸ್ಥೆಯಿಂದ ಲಿಖಿತ ದೃಢೀಕರಣ ಪಡೆದ ನಂತರವೇ ಶುಲ್ಕ ಪಾವತಿಸತಕ್ಕದ್ದು.

ಬರ್ಲಿನ್‌ನ ರೈಲು ನಿಲ್ದಾಣಗಳಲ್ಲಿ ತಡೆಗೇಟುಗಳಿರುವುದಿಲ್ಲ. ಆದರೆ ತಪಾಸಣೆ ನಡೆಯುತ್ತಿರುತ್ತದೆ. ಮಾನ್ಯ ಟಿಕೆಟ್‌ ಇಲ್ಲದೆ ಪ್ರಯಾಣಿಸಿದಲ್ಲಿ 60 ಯೂರೊ ತೆರಬೇಕಾಗುತ್ತದೆ.

8. ನಿವಾಸ ಪರವಾನಗಿ

ಭಾರತದಲ್ಲಿ ನೀಡುವ ವೀಸಾವು ಪ್ರವೇಶಕ್ಕೆ ಹಾಗೂ ಆರಂಭದ ಅವಧಿಗೆ ಮಾತ್ರ. ಅದರ ಅವಧಿ ಮುಗಿಯುವ ಮುನ್ನ ಬರ್ಲಿನ್‌ನ ವಲಸೆ ಕಚೇರಿಯಲ್ಲಿ ನಿವಾಸ ಪರವಾನಗಿಗೆ ಅರ್ಜಿ ಸಲ್ಲಿಸತಕ್ಕದ್ದು. ಈ ಕಚೇರಿಯು 2020ರ ಜನವರಿಯಿಂದ ಪ್ರತ್ಯೇಕ ಇಲಾಖೆಯಾಗಿ ಕಾರ್ಯನಿರ್ವಹಿಸುತ್ತಿದ್ದು, ಎಲ್‌.ಇ.ಎ. ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿದೆ. ಪಾಸ್‌ಪೋರ್ಟ್‌, ದಾಖಲಾತಿ ಪತ್ರ, ಹಣಕಾಸಿನ ಪುರಾವೆ, ಆರೋಗ್ಯ ವಿಮೆ, ಭಾವಚಿತ್ರ ಹಾಗೂ ಬರ್ಲಿನ್‌ನಲ್ಲಿ ವಾಸವಿರುವ ಬಗ್ಗೆ ನೋಂದಣಿ ಪತ್ರ ಇವು ಮುಖ್ಯ ದಾಖಲೆಗಳು.

ವೀಸಾ ಅವಧಿಯೊಳಗೆ ಅರ್ಜಿ ಸಲ್ಲಿಸಿದಲ್ಲಿ, ತೀರ್ಮಾನವಾಗುವವರೆಗೆ ಹಿಂದಿನ ವಾಸದ ಹಕ್ಕು ಮುಂದುವರಿಯುತ್ತದೆಂದು ಕಾನೂನು ಭಾವಿಸುತ್ತದೆ. ಅದರ ಬಗ್ಗೆ ತಾತ್ಕಾಲಿಕ ಪ್ರಮಾಣಪತ್ರವನ್ನೂ ಪಡೆಯಬಹುದು. ಅವಧಿ ಮುಗಿದ ನಂತರ ಅರ್ಜಿ ಸಲ್ಲಿಸಿದವರಿಗೆ ಈ ರಕ್ಷಣೆಯು ಹಕ್ಕಾಗಿ ದೊರೆಯುವುದಿಲ್ಲ. ಒಂದು ದಿನದ ವಿಳಂಬವೂ ವ್ಯಾಸಂಗಕ್ಕೆ ಅಡ್ಡಿಯಾಗಬಹುದಾದುದರಿಂದ, ಅರ್ಜಿಯನ್ನು ಕನಿಷ್ಠ ಆರರಿಂದ ಎಂಟು ವಾರ ಮುಂಚಿತವಾಗಿ ಸಲ್ಲಿಸಿ ಸ್ವೀಕೃತಿಯನ್ನು ಕಾಪಾಡಿಕೊಳ್ಳತಕ್ಕದ್ದು.

9. ವ್ಯಾಸಂಗದ ಜೊತೆ ಕೆಲಸ

2024ರ ಮಾರ್ಚ್‌ 1ರಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನಗಳು ಅಥವಾ 280 ಅರ್ಧ ದಿನಗಳ ಕೆಲಸಕ್ಕೆ ಅವಕಾಶವಿದೆ. ಕನಿಷ್ಠ ವೇತನವು 2026ರ ಜನವರಿ 1ರಿಂದ ಗಂಟೆಗೆ 13.90 ಯೂರೊ ಆಗಿರುತ್ತದೆ. ಲಿಖಿತ ಕರಾರು, ವೇತನ ಚೀಟಿ ಹಾಗೂ ತೆರಿಗೆ ಗುರುತಿನ ಸಂಖ್ಯೆಯಿಲ್ಲದೆ ನಗದು ಕೂಲಿಗೆ ದುಡಿಯಬಾರದು. ಸ್ವತಂತ್ರ ಉದ್ಯೋಗಕ್ಕೆ ವಲಸೆ ಕಚೇರಿಯ ಪೂರ್ವಾನುಮತಿ ಬೇಕು. ಬಾಡಿಗೆ ಹಾಗೂ ಊಟದ ವೆಚ್ಚವನ್ನು ಕೆಲಸದಿಂದಲೇ ಭರಿಸಬಹುದೆಂಬ ಲೆಕ್ಕಾಚಾರದಿಂದ ತೆರಳುವುದು ಅಪಾಯಕರ; ಮೊದಲ ತಿಂಗಳುಗಳಲ್ಲಿ ಕೆಲಸ ದೊರೆಯುವುದೆಂಬ ಭರವಸೆಯಿಲ್ಲ.

10. ಇತರ ಉಪಯುಕ್ತ ಮಾಹಿತಿ

- ಪ್ರಸಾರ ವಂತಿಗೆ: ಪ್ರತಿ ಮನೆಗೆ ತಿಂಗಳಿಗೆ 18.36 ಯೂರೊ ವಿಧಿಸಲಾಗುತ್ತದೆ. ಇದು ಮನೆಗೆ ಒಂದೇ ಹೊರತು ವ್ಯಕ್ತಿಗೆ ಒಂದಲ್ಲ. ವಿಳಾಸ ನೋಂದಣಿಯಾದ ನಂತರ ಪತ್ರ ಬರುತ್ತದೆ. ಮನೆಯ ಇನ್ನೊಬ್ಬರು ಪಾವತಿಸುತ್ತಿದ್ದಲ್ಲಿ ಅವರ ಸಂಖ್ಯೆಯನ್ನು ತಿಳಿಸಿ ಉತ್ತರಿಸತಕ್ಕದ್ದು. ಪತ್ರವನ್ನು ಕಡೆಗಣಿಸಿದಲ್ಲಿ ಬಾಕಿ ಬೆಳೆಯುತ್ತದೆ.
- ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ದಿನಸಿ ತಂದಿಟ್ಟುಕೊಳ್ಳುವುದು.
- ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮನೆಯಲ್ಲಿ ಶಬ್ದ ಮಾಡಬಾರದು.
- ನಲ್ಲಿಯ ನೀರು ಕುಡಿಯಲು ಯೋಗ್ಯ. ಒಮ್ಮೆ ಬಳಸುವ ಬಾಟಲಿಗಳಿಗೆ 25 ಸೆಂಟ್‌ ಠೇವಣಿ ಇದ್ದು, ಅಂಗಡಿಗೆ ಹಿಂದಿರುಗಿಸಿದಲ್ಲಿ ಮರಳಿ ದೊರೆಯುತ್ತದೆ.
- ಡಿಸೆಂಬರ್‌ ತಿಂಗಳಿನಲ್ಲಿ ಹಗಲು ಸುಮಾರು ಎಂಟು ಗಂಟೆಗಳಷ್ಟೇ ಇರುತ್ತದೆ. ಒಂಟಿತನ ಅಥವಾ ಖಿನ್ನತೆ ಕಾಡಿದಲ್ಲಿ ವಿಶ್ವವಿದ್ಯಾಲಯದ ಆಪ್ತಸಲಹಾ ಕೇಂದ್ರವನ್ನು ಸಂಕೋಚವಿಲ್ಲದೆ ಸಂಪರ್ಕಿಸುವುದು.

ತುರ್ತು ದೂರವಾಣಿ: ರಾಜ್ಯದಲ್ಲಿ 112 ಸಂಖ್ಯೆಗೆ ಕರೆ ಮಾಡಿದಲ್ಲಿ ಪೊಲೀಸ್‌ ನೆರವೂ ದೊರೆಯುತ್ತದೆ. ಜರ್ಮನಿಯಲ್ಲಿ 112 ಅಗ್ನಿಶಾಮಕ ಹಾಗೂ ಆಂಬುಲೆನ್ಸ್‌ಗೆ, 110 ಪೊಲೀಸರಿಗೆ ಮೀಸಲು. ರಾತ್ರಿ ಅಥವಾ ರಜಾದಿನದಲ್ಲಿ ಪ್ರಾಣಾಪಾಯವಿಲ್ಲದ ಕಾಯಿಲೆಗೆ 116117. ಬರ್ಲಿನ್‌ನ ಭಾರತೀಯ ರಾಯಭಾರ ಕಚೇರಿಯು ಟೀಯರ್‌ಗಾರ್ಟನ್‌ಷ್ಟ್ರಾಸೆ 17ರಲ್ಲಿದೆ. ಪಾಸ್‌ಪೋರ್ಟ್‌ ಕಳೆದಲ್ಲಿ ಪೊಲೀಸರಿಗೆ ದೂರು ನೀಡಿ, ಅದರ ಪ್ರತಿಯೊಂದಿಗೆ ಇಲ್ಲಿ ಸಂಪರ್ಕಿಸತಕ್ಕದ್ದು. ವಿದೇಶಾಂಗ ಸಚಿವಾಲಯದ ಮದದ್‌ ತಾಣದ ಮೂಲಕ ರಾಜ್ಯದಲ್ಲಿರುವ ಪೋಷಕರೂ ಅಹವಾಲು ಸಲ್ಲಿಸಬಹುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎರಡು ವಾರಗಳೊಳಗೆ ಬ್ಯುರ್ಗರ್‌ಆಮ್ಟ್‌ನಲ್ಲಿ ಸಮಯ ದೊರೆಯದಿದ್ದಲ್ಲಿ ಏನು ಮಾಡಬೇಕು?
ಉತ್ತರ: ನಗರದ ಎಲ್ಲ ಕಚೇರಿಗಳಲ್ಲಿಯೂ ಹುಡುಕತಕ್ಕದ್ದು. ರದ್ದಾದ ಸಮಯಗಳು ದಿನದಲ್ಲಿ ಆಗಾಗ ಮತ್ತೆ ತೆರೆಯುತ್ತವೆ. ದೊರೆತ ಮೊದಲ ದಿನಾಂಕವನ್ನು ಕಾಯ್ದಿರಿಸಿ, ಅದರ ದೃಢೀಕರಣವನ್ನು ಪುರಾವೆಯಾಗಿ ಇಟ್ಟುಕೊಳ್ಳುವುದು. ಸಮಯ ಕೊಡಿಸುವುದಾಗಿ ಹಣ ಕೇಳುವವರನ್ನು ಆಶ್ರಯಿಸಬಾರದು.

ಪ್ರಶ್ನೆ: ಸ್ನೇಹಿತರ ಮನೆಯಲ್ಲಿ ಉಳಿದುಕೊಂಡಿದ್ದಲ್ಲಿ ನೋಂದಣಿ ಸಾಧ್ಯವೇ?
ಉತ್ತರ: ನಿಜವಾಗಿಯೂ ಅಲ್ಲಿಯೇ ವಾಸವಿದ್ದು, ಮನೆ ನೀಡಿದವರು ವಾಸದ ದೃಢೀಕರಣ ಪತ್ರಕ್ಕೆ ಸಹಿ ಮಾಡಿದಲ್ಲಿ ಸಾಧ್ಯ. ಬಾಡಿಗೆ ನೀಡುತ್ತಿರಬೇಕೆಂದಿಲ್ಲ.

ಪ್ರಶ್ನೆ: ಮನೆ ಬದಲಾಯಿಸಿದಲ್ಲಿ ಮತ್ತೆ ನೋಂದಣಿ ಬೇಕೇ?
ಉತ್ತರ: ಬೇಕು. ಪ್ರತಿ ಬಾರಿಯೂ ಎರಡು ವಾರಗಳೊಳಗೆ ಹೊಸ ವಿಳಾಸವನ್ನು ನೋಂದಾಯಿಸಿ, ಬ್ಯಾಂಕ್‌, ವಿಮಾ ನಿಧಿ ಹಾಗೂ ವಿಶ್ವವಿದ್ಯಾಲಯಕ್ಕೂ ತಿಳಿಸತಕ್ಕದ್ದು.

ಪ್ರಶ್ನೆ: ವ್ಯಾಸಂಗ ಮುಗಿಸಿ ಭಾರತಕ್ಕೆ ಮರಳುವಾಗ ಏನು ಮಾಡಬೇಕು?
ಉತ್ತರ: ವಿಳಾಸದ ನೋಂದಣಿಯನ್ನು ರದ್ದುಪಡಿಸತಕ್ಕದ್ದು. ಇದನ್ನು ಮನೆ ಬಿಡುವ ಒಂದು ವಾರ ಮೊದಲಿನಿಂದ, ಬಿಟ್ಟ ಎರಡು ವಾರಗಳೊಳಗೆ ಮಾಡಬಹುದು. ವಿಮೆ, ಪ್ರಸಾರ ವಂತಿಗೆ ಮೊದಲಾದವುಗಳನ್ನು ನಿಲ್ಲಿಸಲು ಈ ಪತ್ರವು ನೆರವಾಗುತ್ತದೆ. ಠೇವಣಿ ಹಿಂಪಡೆಯುವವರೆಗೆ ಅಲ್ಲಿನ ಬ್ಯಾಂಕ್‌ ಖಾತೆಯನ್ನು ಮುಚ್ಚದಿರುವುದು ಒಳ್ಳೆಯದು.

12. ಕಾಲಕ್ರಮದ ಸಾರಾಂಶ

- ಹೊರಡುವ ಮುನ್ನ: ಹೆಸರಿನ ತಿದ್ದುಪಡಿ, ವಸತಿ ನಿಲಯಕ್ಕೆ ಅರ್ಜಿ, ನೋಂದಣಿಗೆ ಅವಕಾಶವಿರುವ ಕೊಠಡಿಯ ಹುಡುಕಾಟ, ನೋಂದಣಿಗೆ ಸಮಯ ಕಾಯ್ದಿರಿಸುವಿಕೆ.
- ಮೊದಲ ದಿನ: ಅಂಚೆಪೆಟ್ಟಿಗೆಯ ಮೇಲೆ ಹೆಸರು, ವಾಸದ ದೃಢೀಕರಣ ಪತ್ರ.
- ಮೊದಲ ಎರಡು ವಾರ: ವಿಳಾಸ ನೋಂದಣಿ, ಆರೋಗ್ಯ ವಿಮೆ, ವಿಶ್ವವಿದ್ಯಾಲಯದ ದಾಖಲಾತಿ, ಬ್ಯಾಂಕ್‌ ಖಾತೆ.
- ಮೊದಲ ತಿಂಗಳು: ನಿರ್ಬಂಧಿತ ಖಾತೆಯ ಹಣ ಬಿಡುಗಡೆ, ತೆರಿಗೆ ಸಂಖ್ಯೆ, ನಿವಾಸ ಪರವಾನಗಿಗೆ ಅರ್ಜಿ.

ಗಮನಿಸಿ: ಮೇಲ್ಕಂಡ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಶುಲ್ಕ, ಮೊತ್ತ ಹಾಗೂ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ಜರ್ಮನಿಯ ಕಚೇರಿಗಳ ತೀರ್ಮಾನಗಳ ಮೇಲೆ ರಾಜ್ಯ ಸರ್ಕಾರಕ್ಕೆ ಅಧಿಕಾರವಿರುವುದಿಲ್ಲ. ಹಣ ಪಾವತಿಸುವ ಅಥವಾ ಅರ್ಜಿ ಸಲ್ಲಿಸುವ ಮೊದಲು ಸಂಬಂಧಪಟ್ಟ ಕಾನ್ಸುಲೇಟ್‌, ವಿಶ್ವವಿದ್ಯಾಲಯ ಹಾಗೂ ಬರ್ಲಿನ್‌ ನಗರಾಡಳಿತದ ಅಧಿಕೃತ ಮಾಹಿತಿಯನ್ನು ಪರಿಶೀಲಿಸಿಕೊಳ್ಳತಕ್ಕದ್ದು.